ಹೈಬರ್ನೇಶನ್ ಮತ್ತು ಗುಪ್ತಪದ ರಕ್ಷಣೆ

ಹೈಬರ್ನೇಶನ್ ಎಂಬುದು ಗಣಕಯಂತ್ರವು ತನ್ನ ರ‍್ಯಾಮ್ ಸ್ಮೃತಿಯಲ್ಲಿರುವುದನ್ನೆಲ್ಲ ಡಿಸ್ಕಿನ ಮೇಲೆ ಬರೆದಿಟ್ಟು ತನ್ನ ವಿದ್ಯುತ್ತನ್ನು ಪೂರ್ಣವಾಗಿ ನಿಲ್ಲಿಸಿಕೊಳ್ಳುವ ಸ್ಥಿತಿ. ಮತ್ತೆ ಚಾಲನೆ ಮಾಡಿದಾಗ ಆ ಬರಹವನ್ನು ಸ್ಮೃತಿಗೆ ಮರಳಿ ತುಂಬಿಕೊಂಡು, ತೆರೆದಿದ್ದ ಕಡತಗಳು, ಕಿಟಕಿಗಳು, ತಂತ್ರಾಂಶಗಳು ಎಲ್ಲವೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತವೆ. ಹೀಗೆ ಎಚ್ಚರಗೊಳ್ಳುವ ಯಂತ್ರಕ್ಕೆ ತನ್ನೆದುರು ಕುಳಿತವರು ಯಾರೆಂಬುದು ತಾನಾಗಿ ತಿಳಿಯದು. ಆದ್ದರಿಂದ ಎಚ್ಚರಗೊಳ್ಳುವಾಗ ಗುಪ್ತಪದವನ್ನು, ಅಂದರೆ ಪಾಸ್‌ವರ್ಡನ್ನು, ಕೇಳುವ ಏರ್ಪಾಡು ಎಲ್ಲ ಪ್ರಮುಖ ಕಾರ್ಯಾಚರಣಾ ವ್ಯವಸ್ಥೆಗಳಲ್ಲೂ ಇದೆ. ಈ ಏರ್ಪಾಡು ಪರದೆಯನ್ನು ಕಾಯುತ್ತದೆ. ಡಿಸ್ಕಿನ ಮೇಲೆ ಬರೆದಿಟ್ಟ ಸ್ಮೃತಿಯ ಪ್ರತಿಯನ್ನು ಕಾಯುವುದಿಲ್ಲ. ಆ ಎರಡನೆಯ ಕೆಲಸಕ್ಕೆ ಡಿಸ್ಕಿನ ಗೂಢಲಿಪೀಕರಣ ಬೇಕಾಗುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿಯುವುದು ಬಳಕೆದಾರರಲ್ಲಿ ಬೇರೂರಿರುವ ತಪ್ಪು ಕಲ್ಪನೆ. ಲ್ಯಾಪ್‌ಟಾಪ್ ಕಳೆದುಹೋದ ದಿನವೇ ಅದರ ಬೆಲೆ ತಿಳಿಯುವುದು.

ಹೆಸರು

ಇಂಗ್ಲಿಷಿನ ಈ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದ್ದು, ಚಳಿಗಾಲಕ್ಕೆ ಸಂಬಂಧಿಸಿದ ಅರ್ಥವನ್ನು ಹೊಂದಿದೆ. ಶೀತಪ್ರದೇಶದ ಕೆಲವು ಪ್ರಾಣಿಗಳು ಚಳಿಗಾಲವನ್ನು ಬಿಲಗಳಲ್ಲಿ ನಿಶ್ಚೇಷ್ಟವಾಗಿ ಕಳೆಯುವುದನ್ನು ಕನ್ನಡದ ಜೀವಶಾಸ್ತ್ರ ಬರಹಗಳಲ್ಲಿ ಶಿಶಿರನಿದ್ರೆ ಎಂದು ಕರೆಯುವುದುಂಟು. ನಮ್ಮ ಕಡೆಯ ಕಪ್ಪೆಗಳು ಬೇಸಿಗೆಯ ಒಣನೆಲದಲ್ಲಿ ಹುದುಗಿ ಮಳೆಗಾಗಿ ಕಾಯುವುದು ಇದರ ಪ್ರತಿರೂಪವಾದ ಗ್ರೀಷ್ಮನಿದ್ರೆ. ಗಣಕಯಂತ್ರದ ವಿಷಯದಲ್ಲಿ ಮಾತ್ರ ಈ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ನಿದ್ರಿಸುವ ಪ್ರಾಣಿಯಲ್ಲಿ ಜೀವವಿರುತ್ತದೆ, ಉಸಿರು ಮಂದವಾಗಿ ಆಡುತ್ತಿರುತ್ತದೆ. ಹೈಬರ್ನೇಶನ್‌ನಲ್ಲಿರುವ ಯಂತ್ರವಾದರೋ ಪೂರ್ತಿ ನಂದಿರುತ್ತದೆ. ಅದರ ಬ್ಯಾಟರಿಯನ್ನು ಕಳಚಿಟ್ಟರೂ ಏನೂ ನಷ್ಟವಾಗದು. ಪ್ರಾಣಿಯ ನಿದ್ರೆಗೆ ನಿಜವಾಗಿ ಹತ್ತಿರವಾದದ್ದು ‘ಸ್ಲೀಪ್’ ಎಂಬ ಇನ್ನೊಂದು ಸ್ಥಿತಿ. ಅದರಲ್ಲಿ ಸ್ಮೃತಿಗೆ ಮಾತ್ರ ಸ್ವಲ್ಪ ವಿದ್ಯುತ್ತು ಹರಿಯುತ್ತಿದ್ದು, ಮಾಹಿತಿ ಅಲ್ಲಿಯೇ ಉಳಿದಿರುತ್ತದೆ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರ ಡಿಸೆಂಬರಿನಲ್ಲಿ ಹೊರತಂದ ಎಸಿಪಿಐ ಎಂಬ ವಿದ್ಯುತ್ ನಿರ್ವಹಣಾ ಮಾನಕದಲ್ಲಿ ಸ್ಲೀಪ್ ಸ್ಥಿತಿಗೆ ಎಸ್3 ಎಂದೂ ಹೈಬರ್ನೇಶನ್‌ಗೆ ಎಸ್4 ಎಂದೂ ಹೆಸರಿದೆ.

ಕಾರ್ಯವಿಧಾನ

ಹೈಬರ್ನೇಶನ್ ಆದೇಶ ದೊರೆತೊಡನೆ ಕಾರ್ಯಾಚರಣಾ ವ್ಯವಸ್ಥೆಯು ಚಾಲನೆಯಲ್ಲಿರುವ ತಂತ್ರಾಂಶಗಳಿಗೆ ಸೂಚನೆ ಕೊಟ್ಟು ಅವನ್ನು ಸ್ತಬ್ಧಗೊಳಿಸುತ್ತದೆ. ಮುದ್ರಕ, ಜಾಲಸಂಪರ್ಕ ಮೊದಲಾದ ಸಾಧನಗಳ ಚಾಲಕಗಳನ್ನು ನಿಲ್ಲಿಸುತ್ತದೆ. ಬಳಿಕ ಸ್ಮೃತಿಯ ಬಳಕೆಯಲ್ಲಿರುವ ಭಾಗವನ್ನು ಸಂಕುಚಿಸಿ ಡಿಸ್ಕಿನಲ್ಲಿ ಅದಕ್ಕಾಗಿಯೇ ಕಾದಿರಿಸಿದ ಜಾಗದಲ್ಲಿ ಬರೆಯುತ್ತದೆ. ಮುಂದಿನ ಸಲ ಚಾಲನೆಯಾದಾಗ ಗುರುತಿಸಲೆಂದು ಒಂದು ಚಿಹ್ನೆಯನ್ನು ಇಟ್ಟು ಯಂತ್ರವನ್ನು ಆರಿಸುತ್ತದೆ.

ವಿಂಡೋಸ್‌ನಲ್ಲಿ ಈ ಜಾಗವು ಮುಖ್ಯ ಡ್ರೈವಿನ ಮೂಲದಲ್ಲಿರುವ ‘ಹೈಬರ್‌ಫಿಲ್’ ಎಂಬ ಮರೆಯಾದ ಕಡತ. ವಿಂಡೋಸ್ 7ರಲ್ಲಿ ಅದರ ಗಾತ್ರ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 75ರಷ್ಟಿತ್ತು, ವಿಂಡೋಸ್ 10ರಲ್ಲಿ ಅದು ಶೇ. 40ಕ್ಕೆ ಇಳಿಯಿತು. ಎಂದರೆ 16 ಜಿಬಿ ಸ್ಮೃತಿಯ ಯಂತ್ರದಲ್ಲಿ ಸುಮಾರು 6.4 ಜಿಬಿ. ಡಿಸ್ಕಿನಲ್ಲಿ ಜಾಗ ಸಾಲದೆ ಹುಡುಕಾಡುವವರು ಈ ದೊಡ್ಡ ಕಡತವನ್ನು ಕಂಡು ಬೆದರುವುದುಂಟು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸ್ವಾಪ್ ಎಂಬ ಡಿಸ್ಕ್ ವಿಭಾಗವೇ ಈ ಕೆಲಸಕ್ಕೂ ಬಳಕೆಯಾಗುತ್ತದೆ. ಮ್ಯಾಕ್ ಯಂತ್ರಗಳಲ್ಲಿ ‘ಸ್ಲೀಪ್‌ಇಮೇಜ್’ ಎಂಬ ಕಡತವಿದೆ.

ವಿದ್ಯುತ್ ವ್ಯತ್ಯಯ ಸಾಮಾನ್ಯವಾಗಿರುವ ಊರುಗಳಲ್ಲಿ ಹೈಬರ್ನೇಶನ್‌ನ ಉಪಯೋಗ ಎದ್ದುಕಾಣುತ್ತದೆ. ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಲೋಡ್ ಶೆಡ್ಡಿಂಗ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ತೀರುವ ಹಂತಕ್ಕೆ ಬಂದಾಗ ಯಂತ್ರವು ತಾನಾಗಿಯೇ ಹೈಬರ್ನೇಟ್ ಆಗುವಂತೆ ವಿಂಡೋಸ್‌ನಲ್ಲಿ ಅಣಿಗೊಳಿಸಬಹುದು. ಯುಎಸ್‌ಬಿ ತಂತಿಯ ಮೂಲಕ ಯಂತ್ರದೊಡನೆ ಮಾತನಾಡಬಲ್ಲ ಯುಪಿಎಸ್ ಇದ್ದರೆ ಮೇಜಿನ ಗಣಕಯಂತ್ರದಲ್ಲೂ ಇದು ಸಾಧ್ಯ. ಹೀಗೆ ತಾನಾಗಿ ಮಲಗುವ ಯಂತ್ರದ ಬಳಿ ಆ ಹೊತ್ತಿಗೆ ಯಾರೂ ಇಲ್ಲದಿರುವ ಸಂಭವವೇ ಹೆಚ್ಚು. ಕರೆಂಟು ಬಂದ ಮೇಲೆ ಗುಂಡಿ ಒತ್ತುವವರು ಬೇರೊಬ್ಬರಾಗಿರಬಹುದು.

ಎಚ್ಚರಗೊಳ್ಳುವುದು ಮತ್ತು ಲಾಗಿನ್ ಆಗುವುದು

ಗುಪ್ತಪದದ ಪ್ರಶ್ನೆ ಏಕೆ ಹುಟ್ಟುತ್ತದೆಂಬುದನ್ನು ತಿಳಿಯಲು ಒಂದು ಭೇದವನ್ನು ಗಮನಿಸಬೇಕು. ಯಂತ್ರವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದಾಗ ಹೊಸ ಅಧಿವೇಶನ ಆರಂಭವಾಗುತ್ತದೆ. ಅದಕ್ಕೆ ಮೊದಲು ಬಳಕೆದಾರನು ತಾನು ಯಾರೆಂದು ತೋರಿಸಿಕೊಡಬೇಕು. ಇದೇ ಲಾಗಿನ್. ಹೈಬರ್ನೇಶನ್‌ನಿಂದ ಮರಳಿದಾಗ ಹೊಸ ಅಧಿವೇಶನವೇನೂ ಆರಂಭವಾಗುವುದಿಲ್ಲ. ಬೆಳಿಗ್ಗೆ ಲಾಗಿನ್ ಆದ ಅಧಿವೇಶನವೇ ಸಂಜೆಯೂ ಮುಂದುವರಿಯುತ್ತದೆ. ವ್ಯವಸ್ಥೆಯ ದೃಷ್ಟಿಯಲ್ಲಿ ಬಳಕೆದಾರನು ಎದ್ದು ಹೋಗಿಯೇ ಇಲ್ಲ. ನಡುವೆ ಕಳೆದ ಗಂಟೆಗಳೋ ದಿನಗಳೋ ಅದಕ್ಕೆ ಗಡಿಯಾರದ ಒಂದು ಜಿಗಿತ ಮಾತ್ರ. ಆದ್ದರಿಂದ ವಿಶೇಷವಾಗಿ ಹೇಳದ ಹೊರತು ಅದು ಏನನ್ನೂ ಕೇಳಬೇಕಾದ ಕಾರಣವಿಲ್ಲ.

ಎಚ್ಚರಗೊಳ್ಳುವಾಗ ಕಾಣುವ ಗುಪ್ತಪದದ ಪರದೆಯು ಈ ಮುಂದುವರಿಯುತ್ತಿರುವ ಅಧಿವೇಶನದ ಮುಂದೆ ಎಳೆದ ತೆರೆ. ಅದರ ಹಿಂದೆ ಎಲ್ಲವೂ ಆಗಲೇ ಸಜ್ಜಾಗಿರುತ್ತದೆ: ಕಡತಗಳು ತೆರೆದಿರುತ್ತವೆ, ಜಾಲಸಂಪರ್ಕ ಮರಳಿ ಕೂಡಿಕೊಳ್ಳುತ್ತಿರುತ್ತದೆ. ಸರಿಯಾದ ಗುಪ್ತಪದ ಕೊಟ್ಟಾಗ ತೆರೆ ಸರಿಯುತ್ತದೆ, ಅಷ್ಟೆ. ಗುಪ್ತಪದದಿಂದ ಯಾವ ಮಾಹಿತಿಯೂ ಬಿಡಿಸಲ್ಪಡುವುದಿಲ್ಲ, ಏಕೆಂದರೆ ಯಾವುದನ್ನೂ ಅದರಿಂದ ಕಟ್ಟಿರಲಿಲ್ಲ.

ವಿಂಡೋಸ್‌ನಲ್ಲಿ

ವಿಂಡೋಸ್ 95ರ ಕಾಲದಲ್ಲಿ ಹೈಬರ್ನೇಶನ್ ಇದ್ದ ಯಂತ್ರಗಳಲ್ಲಿ ಅದು ತಯಾರಕರು ಬಯೋಸ್‌ನಲ್ಲಿ ಅಳವಡಿಸಿದ ಸೌಲಭ್ಯವಾಗಿತ್ತು. ವಿಂಡೋಸ್ 2000 ಹಾಗೂ ವಿಂಡೋಸ್ ಎಂಇಗಳಿಂದ ಕಾರ್ಯಾಚರಣಾ ವ್ಯವಸ್ಥೆಯೇ ಈ ಹೊಣೆ ಹೊತ್ತಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಶನ್ಸ್’ ತೆರೆದು, ‘ಅಡ್ವಾನ್ಸ್ಡ್’ ಹಾಳೆಯಲ್ಲಿ ಸ್ಟ್ಯಾಂಡ್‌ಬೈನಿಂದ ಮರಳುವಾಗ ಗುಪ್ತಪದ ಕೇಳಬೇಕೆಂಬ ಚೌಕಕ್ಕೆ ಗುರುತು ಹಾಕಬೇಕಿತ್ತು. ಆ ಸಾಲಿನಲ್ಲಿ ಹೈಬರ್ನೇಶನ್‌ನ ಹೆಸರೇ ಇರಲಿಲ್ಲ, ಆದರೆ ಗುರುತು ಎರಡಕ್ಕೂ ಅನ್ವಯಿಸುತ್ತಿತ್ತು. ವಿಂಡೋಸ್ 7ರಲ್ಲಿ ಅದೇ ‘ಪವರ್ ಆಪ್ಶನ್ಸ್’ನಲ್ಲಿ ಎಚ್ಚರಗೊಂಡಾಗ ಗುಪ್ತಪದ ಬೇಕೆಂಬ ಆಯ್ಕೆ ಪ್ರತ್ಯೇಕ ಕೊಂಡಿಯಾಗಿ ಎಡಬದಿಯಲ್ಲಿ ಕಾಣುತ್ತಿತ್ತು.

ವಿಂಡೋಸ್ 10 ಮತ್ತು 11ರಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಅಕೌಂಟ್ಸ್’, ಅದರೊಳಗೆ ‘ಸೈನ್-ಇನ್ ಆಪ್ಶನ್ಸ್’ಗೆ ಹೋಗಬೇಕು. ಬಳಕೆದಾರನು ದೂರವಿದ್ದು ಮರಳಿದಾಗ ಮತ್ತೆ ಸೈನ್-ಇನ್ ಯಾವಾಗ ಬೇಕೆಂಬ ಪ್ರಶ್ನೆ ಅಲ್ಲಿದೆ. ನಿದ್ರೆಯಿಂದ ಎಚ್ಚರವಾದಾಗ ಎಂಬುದನ್ನು ಆರಿಸಿದರೆ ಹೈಬರ್ನೇಶನ್‌ಗೂ ಅದೇ ನಿಯಮ ಅನ್ವಯವಾಗುತ್ತದೆ. ‘ಎಂದಿಗೂ ಬೇಡ’ ಎಂಬುದನ್ನು ಆರಿಸಿದರೆ ಯಂತ್ರ ಯಾರಿಗೆ ಬೇಕಾದರೂ ತೆರೆದುಕೊಳ್ಳುತ್ತದೆ. ಸದಾ ಅರೆ ಎಚ್ಚರದಲ್ಲಿರುವ ಹೊಸ ಬಗೆಯ ಲ್ಯಾಪ್‌ಟಾಪ್‌ಗಳಲ್ಲಿ ಈ ಪಟ್ಟಿಯಲ್ಲಿ ಕೆಲವು ನಿಮಿಷಗಳ ಅವಧಿಗಳೂ ಕಾಣುತ್ತವೆ. ಆದೇಶ ಸಾಲನ್ನು ಬಲ್ಲವರು ‘ಪವರ್‌ಸಿಎಫ್‌ಜಿ’ ಎಂಬ ಉಪಕರಣದ ಮೂಲಕ ಇದನ್ನೇ ಬದಲಿಸಬಹುದು. ಬ್ಯಾಟರಿಯಲ್ಲಿ ನಡೆಯುವಾಗ ಮತ್ತು ವಿದ್ಯುತ್ ಸಂಪರ್ಕದಲ್ಲಿ ನಡೆಯುವಾಗ ಎರಡಕ್ಕೂ ಬೇರೆ ಬೇರೆ ಬೆಲೆ ನಿಗದಿಯಾಗುತ್ತದೆಂಬುದನ್ನು ಮರೆಯಬಾರದು. ಒಂದನ್ನು ಸರಿಪಡಿಸಿ ಇನ್ನೊಂದನ್ನು ಬಿಟ್ಟರೆ ಯಂತ್ರ ಒಮ್ಮೆ ಕೇಳಿ ಇನ್ನೊಮ್ಮೆ ಸುಮ್ಮನಾಗುತ್ತದೆ.

ಇದಕ್ಕೆಲ್ಲ ಮೊದಲು ಖಾತೆಗೆ ಗುಪ್ತಪದವೊಂದು ಇರಲೇಬೇಕು. ಗುಪ್ತಪದವಿಲ್ಲದ ಖಾತೆಯಲ್ಲಿ ಈ ಆಯ್ಕೆಗಳಿಗೆ ಅರ್ಥವಿಲ್ಲ. ಮನೆಯ ಯಂತ್ರಗಳಲ್ಲಿ ಇದೇ ಹೆಚ್ಚಾಗಿ ತಪ್ಪಿಹೋಗುವ ಸಂಗತಿ. ಹಾಗೆಯೇ ಒಂದೇ ಖಾತೆಯನ್ನು ಹಲವರು ಹಂಚಿಕೊಂಡಿರುವ ಶಾಲೆ, ಕಚೇರಿಗಳಲ್ಲಿ ಗುಪ್ತಪದ ಎಲ್ಲರಿಗೂ ತಿಳಿದಿರುತ್ತದೆ, ಕೆಲವೊಮ್ಮೆ ಪರದೆಯ ಅಂಚಿನಲ್ಲೇ ಚೀಟಿಯಾಗಿ ಅಂಟಿರುತ್ತದೆ. ಅಲ್ಲಿ ಬೇಕಾದದ್ದು ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ.

ಹೈಬರ್ನೇಟ್ ಎಂಬ ಆಯ್ಕೆಯೇ ಪವರ್ ಪಟ್ಟಿಯಲ್ಲಿ ಕಾಣುತ್ತಿಲ್ಲವೆಂಬುದು ವಿಂಡೋಸ್ 10 ಹಾಗೂ 11ರ ಬಳಕೆದಾರರ ಸಾಮಾನ್ಯ ದೂರು. ಕಂಟ್ರೋಲ್ ಪ್ಯಾನೆಲ್‌ನ ‘ಪವರ್ ಆಪ್ಶನ್ಸ್’ನಲ್ಲಿ ಪವರ್ ಗುಂಡಿಗಳು ಏನು ಮಾಡಬೇಕೆಂಬ ಪುಟಕ್ಕೆ ಹೋಗಿ, ಆಡಳಿತಾಧಿಕಾರವುಳ್ಳ ಖಾತೆಯಿಂದ ಅದನ್ನು ಗುರುತಿಸಿದರೆ ಕಾಣಿಸಿಕೊಳ್ಳುತ್ತದೆ. ವಿಂಡೋಸ್ 8ರಿಂದ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಎಂಬುದೂ ಹೈಬರ್ನೇಶನ್‌ನ ಒಂದು ಪ್ರಕಾರವೇ. ‘ಶಟ್ ಡೌನ್’ ಒತ್ತಿದಾಗ ಬಳಕೆದಾರರನ್ನು ಹೊರಕಳುಹಿಸಿ ವ್ಯವಸ್ಥೆಯ ತಿರುಳನ್ನು ಮಾತ್ರ ಡಿಸ್ಕಿಗೆ ಬರೆಯಲಾಗುತ್ತದೆ. ಬಳಕೆದಾರನ ಅಧಿವೇಶನ ಕೊನೆಗೊಂಡಿರುವುದರಿಂದ ಮುಂದಿನ ಸಲ ಲಾಗಿನ್ ಹೊಸದಾಗಿಯೇ ನಡೆಯುತ್ತದೆ. ಒಂದೇ ಯಂತ್ರದಲ್ಲಿ ಲಿನಕ್ಸನ್ನೂ ಇಟ್ಟುಕೊಂಡವರು ಮಾತ್ರ ಎಚ್ಚರದಿಂದಿರಬೇಕು. ಹೈಬರ್ನೇಟ್ ಆದ ವಿಂಡೋಸ್‌ನ ಡ್ರೈವಿಗೆ ಲಿನಕ್ಸ್‌ನಿಂದ ಬರೆದರೆ ಕಡತಗಳು ಕೆಡಬಹುದಾದ್ದರಿಂದ, ಲಿನಕ್ಸ್‌ನ ಎನ್‌ಟಿಎಫ್‌ಎಸ್-3ಜಿ ಚಾಲಕವು ಅಂತಹ ಡ್ರೈವಿಗೆ ಬರೆಯಲು ನಿರಾಕರಿಸುತ್ತದೆ.

ಗುಪ್ತಪದದ ಮಿತಿ

ಎಚ್ಚರಗೊಳ್ಳುವಾಗಿನ ಗುಪ್ತಪದವು ಯಂತ್ರವನ್ನು ಇದ್ದಂತೆಯೇ ಬಳಸಲೆತ್ನಿಸುವವರನ್ನು ತಡೆಯುತ್ತದೆ: ಕುತೂಹಲದ ಸಹೋದ್ಯೋಗಿ, ಮನೆಗೆ ಬಂದ ಅತಿಥಿ, ಹಾಸ್ಟೆಲಿನ ಕೋಣೆವಾಸಿ. ಇದು ಕಡಿಮೆ ಪ್ರಯೋಜನವಲ್ಲ, ನಿತ್ಯಜೀವನದಲ್ಲಿ ಖಾಸಗಿತನಕ್ಕೆ ಭಂಗ ಬರುವುದು ಹೆಚ್ಚಾಗಿ ಇಂಥವರಿಂದಲೇ. ಆದರೆ ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸುವವನಿಗೆ ಆ ಪರದೆ ಎದುರಾಗುವುದೇ ಇಲ್ಲ. ಪೆನ್‌ಡ್ರೈವಿನಿಂದ ಬೇರೊಂದು ಕಾರ್ಯಾಚರಣಾ ವ್ಯವಸ್ಥೆಯನ್ನು ಚಾಲನೆ ಮಾಡಿದವನಿಗೂ ಡಿಸ್ಕಿನಲ್ಲಿರುವ ಕಡತಗಳು ತೆರೆದ ಪುಸ್ತಕ. ಕಳವಾದ ಯಂತ್ರ, ದುರಸ್ತಿಗೆ ಕೊಟ್ಟ ಯಂತ್ರ, ಹಳೆಯದೆಂದು ಮಾರಿದ ಯಂತ್ರ, ಈ ಮೂರರಲ್ಲೂ ಅಪಾಯ ಈ ದಾರಿಯಿಂದ ಬರುತ್ತದೆ.

ಇದು ಗುಪ್ತಪದವಿರುವ ಯಾವುದೇ ಯಂತ್ರಕ್ಕೂ ಅನ್ವಯಿಸುವ ಮಾತು. ಹೈಬರ್ನೇಶನ್ ಇದರ ಜೊತೆಗೆ ಇನ್ನೊಂದು ಅಪಾಯವನ್ನು ಸೇರಿಸುತ್ತದೆ. ಸಾಮಾನ್ಯವಾಗಿ ಯಂತ್ರ ಆರಿದೊಡನೆ ರ‍್ಯಾಮ್‌ನಲ್ಲಿದ್ದುದು ಅಳಿಸಿಹೋಗುತ್ತದೆ. ಹೈಬರ್ನೇಶನ್‌ನಲ್ಲಿ ಅದನ್ನೇ ಡಿಸ್ಕಿನ ಮೇಲೆ ಅಕ್ಷರಶಃ ಬರೆದಿಡಲಾಗುತ್ತದೆ. ಬಳಕೆದಾರನು ಎಂದೂ ಉಳಿಸದ ಕರಡು ಪತ್ರ, ಆಗತಾನೆ ಓದಿದ ಮಿಂಚಂಚೆ, ಬ್ರೌಸರಿನಲ್ಲಿ ಲಾಗಿನ್ ಆಗಿದ್ದ ತಾಣಗಳ ಗುರುತುಗಳು, ಕೆಲವೊಮ್ಮೆ ಟೈಪು ಮಾಡಿದ ಗುಪ್ತಪದಗಳು, ಇವೆಲ್ಲ ಆ ಪ್ರತಿಯಲ್ಲಿ ಸಿಗಬಹುದು. ಒಂದೊಂದೇ ಕಡತವನ್ನು ಗೂಢಲಿಪಿಯಲ್ಲಿಟ್ಟವರಿಗೂ ಇಲ್ಲಿ ರಕ್ಷಣೆಯಿಲ್ಲ. ಆ ಕಡತವು ತೆರೆದಿದ್ದಾಗ ಅದರ ಬಿಡಿಸಿದ ರೂಪ ಸ್ಮೃತಿಯಲ್ಲಿರುತ್ತದೆ, ಅಲ್ಲಿಂದ ಅದು ಡಿಸ್ಕಿಗೆ ಹೋಗುತ್ತದೆ. ವೆರಾಕ್ರಿಪ್ಟ್‌ನಂತಹ ತಂತ್ರಾಂಶದಿಂದ ರಹಸ್ಯ ಪೆಟ್ಟಿಗೆಯೊಂದನ್ನು ತೆರೆದಿದ್ದಾಗ ಅದರ ಗೂಢಕೀಲಿಯೂ ಸ್ಮೃತಿಯಲ್ಲಿರುತ್ತದೆ. ಅಂತಹ ಹೊತ್ತಿನಲ್ಲಿ ಹೈಬರ್ನೇಟ್ ಮಾಡುವುದೆಂದರೆ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಅದರ ಮುಚ್ಚಳದ ಮೇಲೆಯೇ ಇಟ್ಟಂತೆ. ವೆರಾಕ್ರಿಪ್ಟ್‌ನ ಕೈಪಿಡಿಯೇ ವ್ಯವಸ್ಥೆಯ ಡ್ರೈವನ್ನು ಪೂರ್ತಿ ಗೂಢಲಿಪೀಕರಿಸದಿದ್ದರೆ ಹೈಬರ್ನೇಶನನ್ನು ನಿಲ್ಲಿಸಿಡುವಂತೆ ಸೂಚಿಸುತ್ತದೆ.

ಈ ಪ್ರತಿಯನ್ನು ಓದುವುದು ತಜ್ಞರಿಗಷ್ಟೇ ಸಾಧ್ಯವೆಂದು ಹಿಂದೆ ಭಾವಿಸಲಾಗಿತ್ತು, ಏಕೆಂದರೆ ವಿಂಡೋಸ್ ಅದನ್ನು ತನ್ನದೇ ಸಂಕುಚಿತ ರೂಪದಲ್ಲಿ ಬರೆಯುತ್ತದೆ. 2008ರಲ್ಲಿ ಫ್ರಾನ್ಸಿನ ಮಾಥ್ಯೂ ಸುಯಿಷ್ ಅವರು ಆ ಕಡತದ ರಚನೆಯನ್ನು ಬಿಡಿಸಿ ಓದುವ ‘ಸ್ಯಾಂಡ್‌ಮ್ಯಾನ್’ ಎಂಬ ಉಪಕರಣವನ್ನು ಪ್ರಕಟಿಸಿದರು. ಅಲ್ಲಿಂದೀಚೆಗೆ ಹೈಬರ್ನೇಶನ್ ಕಡತದ ವಿಶ್ಲೇಷಣೆ ಗಣಕ ಅಪರಾಧ ತನಿಖೆಯ ವಾಡಿಕೆಯ ಭಾಗವಾಗಿದೆ. ತನಿಖೆಗೆ ನೆರವಾಗುವ ಉಪಕರಣ ಕಳ್ಳನಿಗೂ ನೆರವಾಗುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ. ಹಳೆಯ ವಿಂಡೋಸ್ ಆವೃತ್ತಿಗಳಲ್ಲಿ ಯಂತ್ರ ಎಚ್ಚರಗೊಂಡ ಬಳಿಕ ಆ ಕಡತದ ತಲೆಭಾಗವನ್ನಷ್ಟೇ ಅಳಿಸಲಾಗುತ್ತಿತ್ತು. ಉಳಿದುದು ಮುಂದಿನ ಹೈಬರ್ನೇಶನ್‌ವರೆಗೂ ಹಾಗೆಯೇ ಇರುತ್ತಿತ್ತು.

ಡಿಸ್ಕಿನ ಗೂಢಲಿಪೀಕರಣ

ಇದಕ್ಕೆ ಪರಿಹಾರವೆಂದರೆ ಹೈಬರ್ನೇಶನ್ ಪ್ರತಿಯೂ ಸೇರಿದಂತೆ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿಡುವುದು. ವಿಂಡೋಸ್ ವಿಸ್ತಾದೊಡನೆ ಬಂದ ಬಿಟ್‌ಲಾಕರ್, 2011ರ ಮ್ಯಾಕ್ ಓಎಸ್ ಎಕ್ಸ್ ಲಯನ್‌ನಲ್ಲಿ ಇಡೀ ಡಿಸ್ಕಿಗೆ ವಿಸ್ತರಿಸಿದ ಫೈಲ್‌ವಾಲ್ಟ್, ಲಿನಕ್ಸ್‌ನ ಎಲ್‌ಯುಕೆಎಸ್, ಇವು ಈ ಕೆಲಸ ಮಾಡುತ್ತವೆ. ಇವು ಚಾಲ್ತಿಯಲ್ಲಿದ್ದರೆ ಡಿಸ್ಕನ್ನು ಕಳಚಿ ಒಯ್ದವನಿಗೆ ಸಿಗುವುದು ಅರ್ಥವಿಲ್ಲದ ಅಂಕಿಗಳ ರಾಶಿ.

ಆದರೆ ಕೀಲಿ ಯಾವಾಗ, ಯಾರ ಕೈಗೆ ದೊರೆಯುತ್ತದೆಂಬುದರಲ್ಲಿ ಈ ವ್ಯವಸ್ಥೆಗಳ ನಡುವೆ ವ್ಯತ್ಯಾಸವಿದೆ. ಎಲ್‌ಯುಕೆಎಸ್‌ನ ರೂಢಿಯ ಅಳವಡಿಕೆಯಲ್ಲಿ ಯಂತ್ರ ಹೈಬರ್ನೇಶನ್‌ನಿಂದ ಮೇಲೇಳುವ ಮೊದಲೇ ಗೂಢವಾಕ್ಯವನ್ನು ಕೇಳಲಾಗುತ್ತದೆ. ಅದು ದೊರೆಯದಿದ್ದರೆ ಸ್ಮೃತಿಯ ಪ್ರತಿಯನ್ನು ಓದುವುದೇ ಸಾಧ್ಯವಿಲ್ಲ. ಇಲ್ಲಿ ಗುಪ್ತಪದ ನಿಜವಾದ ಅರ್ಥದಲ್ಲಿ ಬೀಗವಾಗಿದೆ. ಬಿಟ್‌ಲಾಕರ್‌ನ ರೂಢಿಯ ಅಳವಡಿಕೆ ಬೇರೆ ಬಗೆಯದು. ಕೀಲಿಯನ್ನು ಯಂತ್ರದೊಳಗಿನ ಟಿಪಿಎಂ ಎಂಬ ಭದ್ರತಾ ಚಿಪ್ಪು ಕಾಪಾಡುತ್ತದೆ. ಚಾಲನೆಯ ತಂತ್ರಾಂಶ ಬದಲಾಗಿಲ್ಲವೆಂದು ಖಚಿತವಾದರೆ ಅದು ತಾನಾಗಿ ಕೀಲಿಯನ್ನು ಬಿಟ್ಟುಕೊಡುತ್ತದೆ. ಬಳಕೆದಾರನನ್ನು ಏನೂ ಕೇಳದೆ ಯಂತ್ರ ಲಾಕ್ ಪರದೆಯವರೆಗೆ ಬಂದು ನಿಲ್ಲುತ್ತದೆ. ಡಿಸ್ಕನ್ನು ಮಾತ್ರ ಕದ್ದವನಿಗೆ ಇದು ಅಡ್ಡಗೋಡೆ. ಇಡೀ ಯಂತ್ರವನ್ನೇ ಕದ್ದವನ ಮುಂದೆ ಉಳಿಯುವುದು ಲಾಕ್ ಪರದೆ ಒಂದೇ. ಹೀಗಾಗಿ ಇಂತಹ ಯಂತ್ರದಲ್ಲಿ ಎಚ್ಚರಗೊಳ್ಳುವಾಗಿನ ಗುಪ್ತಪದವನ್ನು ‘ಎಂದಿಗೂ ಬೇಡ’ ಎಂದಿಟ್ಟರೆ, ಹೈಬರ್ನೇಟ್ ಆಗಿ ಕಳವಾದ ಲ್ಯಾಪ್‌ಟಾಪಿನಲ್ಲಿ ಗೂಢಲಿಪೀಕರಣವೆಲ್ಲ ವ್ಯರ್ಥವಾಗುತ್ತದೆ. ಗುಂಡಿ ಒತ್ತಿದರೆ ಸಾಕು, ಯಂತ್ರವೇ ಎಲ್ಲವನ್ನೂ ಬಿಡಿಸಿ ಕಳ್ಳನ ಮುಂದಿಡುತ್ತದೆ. ಟಿಪಿಎಂ ಜೊತೆಗೆ ಪಿನ್ ಸಂಖ್ಯೆಯನ್ನೂ ಕೇಳುವಂತೆ ಬಿಟ್‌ಲಾಕರನ್ನು ಅಣಿಗೊಳಿಸಲು ಅವಕಾಶವಿದೆ. ಆಗ ಹೈಬರ್ನೇಶನ್‌ನಿಂದ ಮೇಲೇಳುವಾಗಲೂ ಮೊದಲು ಅದನ್ನು ಕೊಡಬೇಕು. ಗೋಪ್ಯ ದಾಖಲೆಗಳನ್ನು ಹೊತ್ತು ತಿರುಗುವವರಿಗೆ ಇದೇ ತಕ್ಕ ಏರ್ಪಾಡು.

ಗೂಢಲಿಪೀಕರಣದ ಬೆನ್ನಿಗೇ ಒಂದು ಹೊಣೆಯೂ ಬರುತ್ತದೆ. ಬಿಟ್‌ಲಾಕರ್ 48 ಅಂಕಿಗಳ ಮರುಪ್ರಾಪ್ತಿ ಕೀಲಿಯೊಂದನ್ನು ಕೊಡುತ್ತದೆ. ಮದರ್‌ಬೋರ್ಡ್ ಬದಲಿಸಿದಾಗ, ಕೆಲವೊಮ್ಮೆ ಬಯೋಸ್ ಪರಿಷ್ಕರಿಸಿದಾಗಲೂ ಯಂತ್ರ ಇದನ್ನು ಕೇಳುತ್ತದೆ. ಅದು ಕಳೆದುಹೋಗಿದ್ದರೆ ಡಿಸ್ಕಿನಲ್ಲಿರುವುದು ಯಜಮಾನನಿಗೂ ಶಾಶ್ವತವಾಗಿ ದೂರವಾಗುತ್ತದೆ. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಬಹುತೇಕ ಯಂತ್ರಗಳಲ್ಲಿ ಗೂಢಲಿಪೀಕರಣ ತಾನಾಗಿ ಆರಂಭವಾಗುತ್ತದೆ. ಕೀಲಿಯು ಆ ಖಾತೆಯಲ್ಲಿ ಉಳಿಯುತ್ತದೆ. ತಮ್ಮ ಡಿಸ್ಕ್ ಗೂಢಲಿಪಿಯಲ್ಲಿದೆ ಎಂಬುದೇ ತಿಳಿಯದ ಬಳಕೆದಾರರು ಹೀಗೆ ಹುಟ್ಟಿಕೊಂಡಿದ್ದಾರೆ. ಕೀಲಿಯನ್ನು ಕಾಗದದಲ್ಲಿ ಬರೆದು ಯಂತ್ರದಿಂದ ದೂರದಲ್ಲಿ ಇಡುವ ಹಳೆಯ ಪದ್ಧತಿ ಇಲ್ಲಿ ಇಂದಿಗೂ ಸಲ್ಲುತ್ತದೆ. ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇಡಬಾರದು.

ಗೂಢಲಿಪೀಕರಣವಿಲ್ಲದ ಯಂತ್ರ ಕಳವಾದರೆ ಏನಾದೀತೆಂಬುದಕ್ಕೆ ಅಮೆರಿಕದ 2006ರ ಪ್ರಕರಣವೊಂದನ್ನು ಹೇಳುವುದುಂಟು. ಆ ವರ್ಷ ಮೇ ತಿಂಗಳಿನಲ್ಲಿ ಅಲ್ಲಿನ ನಿವೃತ್ತ ಯೋಧರ ಇಲಾಖೆಯ ನೌಕರರೊಬ್ಬರ ಮನೆಯಿಂದ ಲ್ಯಾಪ್‌ಟಾಪ್ ಮತ್ತು ಬಾಹ್ಯ ಡಿಸ್ಕ್ ಕಳುವಾದವು. ಸುಮಾರು 2.65 ಕೋಟಿ ಜನರ ಹೆಸರು, ಜನ್ಮದಿನಾಂಕ ಹಾಗೂ ಸಾಮಾಜಿಕ ಭದ್ರತಾ ಸಂಖ್ಯೆಗಳ ಮಾಹಿತಿ ಗೂಢಲಿಪಿಯಿಲ್ಲದೆ ಅವುಗಳಲ್ಲಿತ್ತು. ಮರುತಿಂಗಳು ಅವು ಸಿಕ್ಕವು. ಮಾಹಿತಿಯನ್ನು ಯಾರೂ ಓದಿದಂತೆ ಕಾಣುವುದಿಲ್ಲವೆಂದು ತನಿಖಾ ಸಂಸ್ಥೆ ಎಫ್‌ಬಿಐ ತಿಳಿಸಿತು. ಅದು ಅದೃಷ್ಟದ ಮಾತಾಯಿತೇ ಹೊರತು ಏರ್ಪಾಡಿನ ಮಾತಲ್ಲ.

ಸ್ಲೀಪ್ ಸ್ಥಿತಿಗೆ ಹೋಲಿಸಿದರೆ

ಡಿಸ್ಕ್ ಗೂಢಲಿಪಿಯಲ್ಲಿದ್ದಾಗ ಹೈಬರ್ನೇಶನ್ ಸ್ಲೀಪ್‌ಗಿಂತ ಸುರಕ್ಷಿತ. ಸ್ಲೀಪ್‌ನಲ್ಲಿ ರ‍್ಯಾಮ್ ಜೀವಂತವಾಗಿರುವುದರಿಂದ ಗೂಢಕೀಲಿಯೂ ಅಲ್ಲಿಯೇ ಇರುತ್ತದೆ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೆ. ಅಲೆಕ್ಸ್ ಹಾಲ್ಡರ್‌ಮನ್, ಎಡ್ವರ್ಡ್ ಫೆಲ್ಟನ್ ಮತ್ತು ಸಂಗಡಿಗರು ಇದರ ಅಪಾಯವನ್ನು ಪ್ರಯೋಗದಿಂದ ತೋರಿಸಿದರು. ವಿದ್ಯುತ್ತು ಕಡಿದೊಡನೆ ರ‍್ಯಾಮ್ ಬರಿದಾಗುತ್ತದೆಂಬ ನಂಬಿಕೆ ಸುಳ್ಳು, ಅಲ್ಲಿನ ಮಾಹಿತಿ ಕೆಲವು ಸೆಕೆಂಡುಗಳು ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ಧೂಳು ಊದುವ ಒತ್ತಡದ ಗಾಳಿಯ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಚಿಪ್ಪನ್ನು ಮೈನಸ್ 50 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿಸಿದರೆ ಮಾಹಿತಿ ನಿಮಿಷಗಟ್ಟಲೆ ಉಳಿಯುತ್ತಿತ್ತು. ಅಷ್ಟರಲ್ಲಿ ಅದನ್ನು ಬೇರೆ ಯಂತ್ರಕ್ಕೆ ಸಾಗಿಸಿ ಕೀಲಿಯನ್ನು ಹುಡುಕಿ ತೆಗೆಯಬಹುದಿತ್ತು. ಈ ವಿಧಾನಕ್ಕೆ ‘ಕೋಲ್ಡ್ ಬೂಟ್ ದಾಳಿ’ ಎಂಬ ಹೆಸರು ನಿಂತಿತು. ಹೈಬರ್ನೇಟ್ ಆಗಿ ಕೆಲ ನಿಮಿಷ ಕಳೆದ ಯಂತ್ರದ ರ‍್ಯಾಮ್‌ನಲ್ಲಿ ಹುಡುಕಲು ಏನೂ ಇರುವುದಿಲ್ಲ. ಆದರೆ ಟಿಪಿಎಂ ಮಾತ್ರ ಅವಲಂಬಿಸಿದ ಯಂತ್ರವನ್ನು ಕಳ್ಳನೇ ಚಾಲನೆ ಮಾಡಿದರೆ ಕೀಲಿ ಮತ್ತೆ ಸ್ಮೃತಿಗೆ ಬರುತ್ತದೆ. ಪಿನ್ ಬೇಕೆನ್ನುವುದಕ್ಕೆ ಇದು ಇನ್ನೊಂದು ಕಾರಣ.

ಎಚ್ಚರವಾಗಿರುವ ಯಂತ್ರ ಎಷ್ಟು ಬಯಲಾಗಿರುತ್ತದೆಂಬುದನ್ನು 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋದ ಗ್ಲೆನ್ ಪಾರ್ಕ್ ಗ್ರಂಥಾಲಯದಲ್ಲಿ ನಡೆದ ಬಂಧನವು ತೋರಿಸಿತು. ಸಿಲ್ಕ್ ರೋಡ್ ಎಂಬ ಅಕ್ರಮ ಮಾರಾಟ ತಾಣವನ್ನು ನಡೆಸುತ್ತಿದ್ದ ರಾಸ್ ಉಲ್‌ಬ್ರಿಕ್ಟ್ ಅಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದರು. ಮುಚ್ಚಳ ಮುಚ್ಚಿದರೆ ಗೂಢಲಿಪಿಯ ಬೀಗ ಬೀಳುವುದೆಂದು ಪೊಲೀಸರಿಗೆ ತಿಳಿದಿತ್ತು. ಮಫ್ತಿಯಲ್ಲಿದ್ದ ಇಬ್ಬರು ಅವರ ಹಿಂದೆ ಜಗಳವಾಡುವ ನಟನೆ ಮಾಡಿದರು. ಅವರು ತಿರುಗಿದ ಕ್ಷಣದಲ್ಲಿ ಮತ್ತೊಬ್ಬರು ಯಂತ್ರವನ್ನು ತೆರೆದಿದ್ದಂತೆಯೇ ಕಸಿದುಕೊಂಡರು. ಮುಂದೆ ನ್ಯಾಯಾಲಯದಲ್ಲಿ ಮುಖ್ಯ ಸಾಕ್ಷ್ಯ ದೊರೆತದ್ದು ಅದರಿಂದಲೇ.

ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ

ಆಪಲ್ ಸಂಸ್ಥೆಯು 2005ರಲ್ಲಿ ‘ಸೇಫ್ ಸ್ಲೀಪ್’ ಎಂಬ ಮಿಶ್ರ ವಿಧಾನವನ್ನು ತಂದಿತು. ಮ್ಯಾಕ್ ಲ್ಯಾಪ್‌ಟಾಪ್ ನಿದ್ರಿಸುವಾಗ ಸ್ಮೃತಿಗೆ ವಿದ್ಯುತ್ತನ್ನು ಉಳಿಸಿಕೊಂಡೇ ಡಿಸ್ಕಿಗೂ ಪ್ರತಿಯನ್ನು ಬರೆಯುತ್ತದೆ. ಬ್ಯಾಟರಿ ತೀರಿದರೆ ಆ ಪ್ರತಿ ಉಪಯೋಗಕ್ಕೆ ಬರುತ್ತದೆ. ಗುಪ್ತಪದ ಕೇಳುವ ಆಯ್ಕೆಯು ಈಗಿನ ಆವೃತ್ತಿಗಳಲ್ಲಿ ‘ಸಿಸ್ಟಮ್ ಸೆಟ್ಟಿಂಗ್ಸ್’ನ ‘ಲಾಕ್ ಸ್ಕ್ರೀನ್’ ಭಾಗದಲ್ಲಿದೆ. ಪರದೆ ಆರಿದ ಎಷ್ಟು ಹೊತ್ತಿನ ಬಳಿಕ ಕೇಳಬೇಕೆಂಬುದನ್ನು ಅಲ್ಲಿ ‘ತಕ್ಷಣ’ ಎಂದಿಡುವುದು ಲೇಸು. ಟಿ2 ಚಿಪ್ ಅಥವಾ ಆಪಲ್‌ನದೇ ಪ್ರೊಸೆಸರ್ ಇರುವ ಮ್ಯಾಕ್‌ಗಳಲ್ಲಿ ಒಳಗಿನ ಸಂಗ್ರಹ ಸದಾ ಗೂಢಲಿಪಿಯಲ್ಲಿದ್ದರೂ, ಫೈಲ್‌ವಾಲ್ಟ್ ಚಾಲೂ ಮಾಡಿದಾಗ ಮಾತ್ರ ಕೀಲಿಯು ಬಳಕೆದಾರನ ಗುಪ್ತಪದದೊಡನೆ ಬೆಸೆದುಕೊಳ್ಳುತ್ತದೆ.

ಲಿನಕ್ಸ್‌ನಲ್ಲಿ ಚಿತ್ರ ಅಷ್ಟು ಏಕರೂಪವಾಗಿಲ್ಲ. ಉಬುಂಟು ತನ್ನ 12.04ನೆಯ ಆವೃತ್ತಿಯಿಂದ ಹೈಬರ್ನೇಶನ್ ಆಯ್ಕೆಯನ್ನು ಮರೆಮಾಡಿತು, ಹಲವು ಯಂತ್ರಗಳಲ್ಲಿ ಅದು ನೆಚ್ಚಿಕೊಳ್ಳುವಂತೆ ಕೆಲಸ ಮಾಡದಿದ್ದುದೇ ಕಾರಣ. ಬಳಸುವವರು ಸ್ವಾಪ್ ವಿಭಾಗವೂ ಗೂಢಲಿಪಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪ್ರತಿ ಚಾಲನೆಯಲ್ಲೂ ಹೊಸ ಯಾದೃಚ್ಛಿಕ ಕೀಲಿಯಿಂದ ಸ್ವಾಪನ್ನು ಕಟ್ಟುವ ಅಳವಡಿಕೆಯಿದ್ದರೆ ಹೈಬರ್ನೇಶನ್ ಸಾಧ್ಯವಿಲ್ಲ, ಏಕೆಂದರೆ ಬರೆದ ಕೀಲಿ ಮರಳಿ ದೊರೆಯದು. ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿರುವ ಅನೇಕ ವಿತರಣೆಗಳಲ್ಲಿ ಲಿನಕ್ಸ್ ತಿರುಳು ತನ್ನ ‘ಲಾಕ್‌ಡೌನ್’ ನಿಯಮದಡಿ ಹೈಬರ್ನೇಶನನ್ನೇ ತಡೆಯುತ್ತದೆ. ಡಿಸ್ಕಿನಲ್ಲಿ ಮಲಗಿದ ಪ್ರತಿಯನ್ನು ಓದುವುದಷ್ಟೇ ಅಲ್ಲ, ತಿದ್ದುವುದೂ ಸಾಧ್ಯವೆಂಬುದು ಅದರ ಹಿಂದಿನ ಆತಂಕ. ಲಾಕ್ ಪರದೆಯ ವಿಷಯದಲ್ಲಿ ಇನ್ನೊಂದು ದೋಷವೂ ಕಂಡುಬಂದಿದೆ: ಎಚ್ಚರಗೊಂಡ ನಂತರ ಪರದೆಯನ್ನು ಮುಚ್ಚುವಂತೆ ಅಳವಡಿಸಿದರೆ, ಕ್ಷಣಕಾಲ ಹಳೆಯ ಕಿಟಕಿಗಳು ಮಿಂಚಿ ಮರೆಯಾಗುತ್ತವೆ. ಮಲಗುವ ಮೊದಲೇ ಬೀಗ ಹಾಕುವುದು ಸರಿಯಾದ ಕ್ರಮ.

ಕನ್ನಡ ಕೀಲಿಮಣೆ ಬಳಸುವವರಿಗೆ

ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಟೈಪಿಸುವವರು ಎಚ್ಚರಗೊಂಡ ಯಂತ್ರದ ಮುಂದೆ ಸರಿಯಾದ ಗುಪ್ತಪದವನ್ನೇ ಕೊಟ್ಟರೂ ತಿರಸ್ಕೃತರಾಗುವ ಸಂದರ್ಭವುಂಟು. ಲಾಕ್ ಪರದೆಯಲ್ಲಿ ಕೆಲವೊಮ್ಮೆ ಕನ್ನಡ ವಿನ್ಯಾಸವೇ ಉಳಿದುಕೊಂಡಿರುತ್ತದೆ. ಒತ್ತಿದ ರೋಮನ್ ಅಕ್ಷರದ ಜಾಗದಲ್ಲಿ ಕನ್ನಡ ಅಕ್ಷರ ದಾಖಲಾಗುತ್ತದೆ. ಚುಕ್ಕೆಗಳಷ್ಟೇ ಕಾಣುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಪರದೆಯ ಮೂಲೆಯಲ್ಲಿರುವ ಭಾಷೆಯ ಗುರುತನ್ನು ನೋಡಿ ಇಂಗ್ಲಿಷಿಗೆ ಬದಲಿಸಿಕೊಂಡರೆ ಸರಿಹೋಗುತ್ತದೆ. ಗುಪ್ತಪದ ಮರೆತಿದ್ದೇನೆಂದು ಗಾಬರಿಯಾಗಿ ಯಂತ್ರವನ್ನು ಬಲವಂತವಾಗಿ ಆರಿಸಿದರೆ ಉಳಿಸದ ಬರಹ ನಷ್ಟವಾಗುತ್ತದೆ.

ಏರ್ಪಾಡು ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಸುಲಭ. ತೆರೆದಿರುವ ಕಡತಗಳನ್ನು ಉಳಿಸಿ, ಒಂದನ್ನು ಮಾತ್ರ ತೆರೆದಿಟ್ಟು, ಯಂತ್ರವನ್ನು ಹೈಬರ್ನೇಟ್ ಮಾಡಿ, ದೀಪಗಳೆಲ್ಲ ಆರಿದ ಮೇಲೆ ಗುಂಡಿ ಒತ್ತಬೇಕು. ಆ ಕಡತ ಕಾಣುವ ಮೊದಲು ಗುಪ್ತಪದ ಕೇಳಬೇಕು. ಈ ಪರೀಕ್ಷೆಯನ್ನು ಒಮ್ಮೆ ಚಾರ್ಜರ್ ಜೋಡಿಸಿಯೂ ಒಮ್ಮೆ ತೆಗೆದೂ ಮಾಡಬೇಕು. ವಿಂಡೋಸ್‌ನ ದೊಡ್ಡ ಪರಿಷ್ಕರಣೆಗಳಾದ ಬಳಿಕ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.